ಕೆನೆಯ ಗೋಡೆ, ಗರಿಯ ಚೆಂಡು

ಆ ಊರಿನ ಮನೆಗಳಿಗೆ ಬಾಗಿಲಿಲ್ಲ. ಕಿಟಕಿಯನ್ನಂತೂ ಕೇಳಲೇಬೇಡಿ. ಎಲ್ಲ ಮನೆಗಳೂ ದುಂಡಗಿವೆ, ಎಲ್ಲ ಮನೆಗಳ ಗೋಡೆಯೂ ಹಾಲಿನ ಮೇಲಿನ ಕೆನೆಯಂಥದು. ಬೆರಳೊತ್ತಿದರೆ ತಗ್ಗುತ್ತದೆ, ಬೆರಳು ತೆಗೆದರೆ ಏನೂ ಆಗಿಲ್ಲವೆಂಬಂತೆ ಮೇಲೆದ್ದು ಕೂರುತ್ತದೆ. ಒಳಗಿರುವವರು ಒಳಗೇ ಹುಟ್ಟಿ, ಒಳಗೇ ಉಂಡು, ಒಳಗೇ ಮುದುಕರಾಗುತ್ತಾರೆ. ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸಿದರೆ, ಯಾರೋ ಇರಬೇಕು ಅನ್ನುತ್ತಾರೆ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ.

ಮನೆಮನೆಯ ನಡುವೆ ಓಣಿಯಿದೆ. ಆ ಓಣಿ ಹಾಡು ತಿನ್ನುತ್ತದೆ. ಆ ಊರಿನ ಕಟ್ಟಳೆ ಇದೊಂದೇ, ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು. ಗೋಡೆಗೆ ಬಾಯಿಟ್ಟು ಎಷ್ಟಾದರೂ ಕಿರುಚಿ, ದನಿ ಹೊರಗೆ ಬಿದ್ದದ್ದೇ ತಡ, ನೀರಿಗೆ ಬಿದ್ದ ಉಪ್ಪಿನ ಹಾಗೆ ಕರಗಿಹೋಗುತ್ತದೆ. ಆಚೆ ಮನೆಯವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಹಾಡು ಕರಗಿದರೆ ಗಂಟೇನು ಹೋಯಿತು ಅಂದೀರಿ. ಆ ಊರಲ್ಲಿ ಹಾಡೇ ಗಂಟು. ಪ್ರತಿ ಮನೆಗೂ ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ಒಂದು ಉದ್ದನೆಯ ಹಾಡಿದೆ. ಅದರ ಒಂದೊಂದು ಪದಕ್ಕೂ ಒಂದೊಂದು ಕೆಲಸ. ಚಾಪೆಯ ಪದ ಹಾಡಿದರೆ ಕೈ ತಾನಾಗಿ ಚಾಪೆ ಹೆಣೆಯುತ್ತದೆ, ಒಲೆಯ ಪದ ಹಾಡಿದರೆ ಒಲೆ ಎದ್ದು ನಿಲ್ಲುತ್ತದೆ, ಗೋಡೆಯ ಪದ ಹಾಡಿ ಸವರಿದರೆ ಗೋಡೆ ದಪ್ಪಗಾಗುತ್ತದೆ. ಪದ ಮರೆತುಹೋದರೆ ಆ ಕೆಲಸವೂ ಮುಗಿದ ಹಾಗೆಯೇ.

ಅಂಥ ಒಂದು ಮನೆಯಲ್ಲಿ ಮೂವರಿದ್ದರು. ಗರಿಯಲ್ಲಿ ಬೇಕಾದ್ದನ್ನೆಲ್ಲ ಹೆಣೆಯುವವಳು ಒಬ್ಬಳು. ಬಟ್ಟಲಲ್ಲಿ ಕೆನೆ ಹಿಡಿದು ದಿನವೂ ಗೋಡೆ ಸವರುವ ಗೋಡೆಯಜ್ಜಿ ಇನ್ನೊಬ್ಬಳು. ಮತ್ತೆ ದೀಪದವನು. ಎಣ್ಣೆ ಎರೆಯುವುದು, ಬತ್ತಿ ಏರಿಸುವುದು, ಎಣ್ಣೆ ಸಾಲದು ಎಂದು ಗೊಣಗುವುದು, ಈ ಮೂರೂ ಅವನದೇ ಪಾಲು. ಅವನು ಹೆಣೆಯುವವಳಿಗೆ ಸೋದರಮಾವ.

ಹೆಣೆಯುವವಳ ತಾಯಿ ಮೊದಲು ಇದೇ ಮನೆಯಲ್ಲಿದ್ದಳು. ಮಗಳಿಗೆ ಹೆಣಿಗೆ ಕಲಿಸಿದ್ದೂ ಅವಳೇ. ಅವಳು ಎಡಚಿ. ಗರಿಯನ್ನು ಎಡಗೈಯಲ್ಲಿ ಹಿಡಿದು ಎಲ್ಲರಿಗೂ ತಿರುವುಮುರುವಾಗಿ ಹೆಣೆಯುತ್ತಿದ್ದಳು. ಗೋಡೆಯಜ್ಜಿ ನೋಡಿದಾಗಲೆಲ್ಲ, "ಲೋಕ ಒಂದ್ ಕಡೆ ಹೋದ್ರೆ ಇವ್ಳು ಇನ್ನೊಂದ್ ಕಡೆ" ಅಂತ ಛೇಡಿಸುವಳು. ತಾಯಿ ನಕ್ಕು, "ಕೊನೇಗೆ ಚಾಪೆ ಆಯ್ತೋ ಇಲ್ವೋ ಹೇಳತ್ತೆ" ಅನ್ನುವಳು.

ಮನೆ ತುಂಬಿ ಬಂದಾಗ ಎರಡಾಗುವುದು ಆ ಊರಿನ ರೀತಿ. ಮನೆಯ ನಡು ಸಣ್ಣಗಾಗುತ್ತ ಬರುತ್ತದೆ. ಸೊಂಟಕ್ಕೆ ಹಗ್ಗ ಬಿಗಿದ ಮೂಟೆಯ ಹಾಗೆ ಈ ಕಡೆ ಅರ್ಧ, ಆ ಕಡೆ ಅರ್ಧ. ಆಮೇಲೆ ನಡು ಮುಚ್ಚಿ ಎರಡು ಮನೆ, ನಡುವೆ ಒಂದು ಹೊಸ ಓಣಿ. ಮುಚ್ಚುವ ಮೊದಲು ಇಡೀ ಹಾಡನ್ನು ಎರಡೆರಡು ಸಲ ಹಾಡಬೇಕು. ಈ ಕಡೆಗೆ ಮುಖ ಮಾಡಿ ಒಂದು ಸಲ, ಆ ಕಡೆಗೆ ಮುಖ ಮಾಡಿ ಒಂದು ಸಲ. ಹಾಗೆ ಹಾಡದೆ ಉಳಿದ ಪದ, ಜೀವಮಾನವೆಲ್ಲ ಕೇಳಿದ್ದರೂ ಸರಿಯೇ, ಆ ಕಡೆಯವರ ಮನಸ್ಸಿನಿಂದ ಅಳಿಸಿಹೋಗುತ್ತದೆ.

ಈ ಸಲ ಆ ಕಡೆಗೆ ಹೋಗುವ ಸರದಿ ತಾಯಿಯದಾಗಿತ್ತು. ಒಂದು ದೀಪ, ಗರಿಯ ಹೊರೆ, ಒಂದು ಬಟ್ಟಲು ಕೆನೆ ಹಿಡಿದು ಹೋಗಿ ನಿಂತಳು. ಪದದ ಮೇಲೆ ಪದ ಹಾಡಿದರು. ಕಟ್ಟಕಡೆಯದು ಗೋಡೆಯ ಪದ. ಅಜ್ಜಿ ಈ ಕಡೆಗೆ ಹಾಡಿ ಮುಗಿಸಿ, ಆ ಕಡೆಗೆ ತಿರುಗಿ ಬಾಯಿ ತೆರೆದಳು. ಅಷ್ಟರಲ್ಲಿ ನಡು ಮುಚ್ಚಿಕೊಂಡಿತು.

ಮೊದಮೊದಲು ಹೆಣೆಯುವವಳಿಗೆ ಖುಷಿಯೇ ಆಯಿತು. ಯಾಕೆಂದರೆ ತಾಯಿಯ ಮನೆಯ ಗೋಡೆ ತೆಳ್ಳಗಿತ್ತು. ಅದರ ಹಿಂದೆ ದೀಪ ಕಾಣುತ್ತಿತ್ತು, ದೀಪದ ಮುಂದೆ ತಾಯಿಯ ನೆರಳು ಕಾಣುತ್ತಿತ್ತು. ತನ್ನ ಗೋಡೆಗೆ ಕಣ್ಣೊತ್ತಿ ಕೂತರೆ, ಒತ್ತಿದಲ್ಲಿ ಕೆನೆ ತಗ್ಗಿ ತೆಳುವಾಗಿ, ತಾಯಿ ಗರಿ ಸೀಳುವುದು, ಕೂದಲು ಕಟ್ಟುವುದು, ಎಡಗೈ ಎತ್ತಿ ಬೀಸುವುದು ಎಲ್ಲ ಮಸುಕಾಗಿ ತಿಳಿಯುತ್ತಿತ್ತು. ಊರಿನಲ್ಲಿ ಯಾರಿಗುಂಟು ಯಾರಿಗಿಲ್ಲ ಇಂಥ ಭಾಗ್ಯ ಎಂದುಕೊಂಡಳು.

ಅಜ್ಜಿ ಬಂದು ಒಮ್ಮೆ ಇಣುಕಿದವಳು ಕೈಯ ಬಟ್ಟಲು ಕೆಳಗಿಟ್ಟಳು.

"ಕಾಣ್ಬಾರ್ದು ಮಗಾ," ಅಂದಳು. "ಗೋಡೆ ಅಂದ್ಮೇಲೆ ಕಾಣ್ಬಾರ್ದು. ನಿಮ್ಮವ್ವ ಸವರ್ತಾ ಇಲ್ಲ. ಪದಾನೇ ಹೋಗಿಲ್ವಲ್ಲ, ಹೆಂಗ್ ಸವರ್ತಾಳೆ? ದಿನಾ ತೆಳ್ಳಗಾಗ್ತಾ ಆಗ್ತಾ ಒಂದಿನ ಬಿರೀತದೆ. ಒಳಗಿರೋದೆಲ್ಲ ಓಣಿ ಪಾಲು."

ಹೆಣೆಯುವವಳು ಗೋಡೆಗೆ ಬಾಯಿಟ್ಟು ಗೋಡೆಯ ಪದ ಕೂಗಿದಳು:

ತೆಳ್ಳಗಾದಲ್ಲಿ ಕೆನೆಯೇ ಬಾ,
ಬಿರಿದ ಕಡೆಗೆ ಹಾಲೇ ಬಾ,
ಒಳಗಿನ ಜೀವ ಒಳಗೇ ಇರಲಿ,
ಹೊರಗಿನ ಓಣಿ ಹೊರಗೇ ಇರಲಿ.

ಓಣಿ ಅದನ್ನು ತಿಂದಿತು. ಮತ್ತೆ ಕೂಗಿದಳು, ಮತ್ತೆ ತಿಂದಿತು. ಗಂಟಲು ಹರಿದು ದನಿ ಬಿದ್ದುಹೋಗುವವರೆಗೂ ಕೂಗಿದಳು. ಅತ್ತ ತಾಯಿಯ ನೆರಳು ಏನೂ ಕೇಳಿಸದೆ ಗರಿ ಸೀಳುತ್ತಲೇ ಇತ್ತು.

ಆ ಹಾಡಿನಲ್ಲಿ ಯಾರಿಗೂ ಅರ್ಥವಾಗದ ಒಂದು ಪದವಿತ್ತು. ಬಿಲ್ಲೆಯ ಪದ ಅನ್ನುತ್ತಿದ್ದರು. ಅದನ್ನು ಹಾಡಿದರೆ ಗರಿಯಲ್ಲಿ ಮೂರು ಮೂಲೆಯ ಒಂದು ಪುಟ್ಟ ಬಿಲ್ಲೆಯಾಗುತ್ತಿತ್ತು. ಅದು ಕೂರಲಿಕ್ಕಿಲ್ಲ, ಮಲಗಲಿಕ್ಕಿಲ್ಲ, ಉಣ್ಣಲಿಕ್ಕಂತೂ ಇಲ್ಲ. ಆದರೂ ಹಾಡಿನಲ್ಲಿ ಇದೆಯಲ್ಲ, ಬಿಡುವ ಧೈರ್ಯ ಯಾರಿಗಿದೆ? ದಿನಕ್ಕೊಮ್ಮೆ ಹಾಡಿ, ಆದ ಬಿಲ್ಲೆಯನ್ನು ಕೂಡಲೇ ಒಲೆಗೆ ಹಾಕಬೇಕು. ಒಂದು ಬಿಲ್ಲೆ ಇನ್ನೊಂದರ ಮುಖ ನೋಡಬಾರದು. ಯಾಕೆಂದು ಕೇಳಿದರೆ, ಹಿಂದಿನಿಂದ ಬಂದದ್ದು ಎಂಬ ಉತ್ತರ ಎಲ್ಲ ಮನೆಗಳಲ್ಲೂ ಸಿದ್ಧವಾಗಿರುತ್ತದಲ್ಲ, ಅದೇ ಉತ್ತರ.

ತಾಯಿ ಮಗಳಿಗೆ ಕಲಿಸಿದ ಮೊದಲ ಹೆಣಿಗೆ ಆ ಬಿಲ್ಲೆಯೇ. ಪುಟ್ಟ ಕೈಗೆ ಪುಟ್ಟ ಕೆಲಸ ಎಂದು ಕಲಿಸಿದ್ದಳು. ದನಿ ಬಿದ್ದ ಹೆಣೆಯುವವಳು ಗೋಡೆಗೊರಗಿ ಅದನ್ನೇ ಗುನುಗತೊಡಗಿದಳು. ಅಳುವಿನ ನಡುವೆ ಏನು ಹಾಡುತ್ತಿದ್ದೇನೆಂಬ ಪರಿವೆ ಇರಲಿಲ್ಲ. ಒಲೆಯ ನೆನಪೂ ಆಗಲಿಲ್ಲ.

ಮೂರು ಮೂಲೆ, ಮೂರು ಕೊಕ್ಕೆ,
ನಿನ್ನ ಪಕ್ಕೆಗೆ ನನ್ನ ಪಕ್ಕೆ,
ಒಳಗೆ ಯಾರೋ, ಹೊರಗೆ ಯಾರೋ,
ಮುಚ್ಚಿಕೊಂಡು ಸಾಗೋಣ.

ಹಾಡಿದಷ್ಟೂ ಕೈ ಹೆಣೆಯಿತು, ಹೆಣೆದಷ್ಟೂ ಬಿಲ್ಲೆ ಮಡಿಲಿಗೆ ಬಿತ್ತು. ಮಡಿಲು ತುಂಬಿತು.

ಆಗ ಮಡಿಲಲ್ಲಿ ಏನೋ ಮಿಸುಕಿತು.

ಹೆಣೆಯುವವಳು ಕೈ ನಿಲ್ಲಿಸಿ ನೋಡಿದಳು. ಒಂದು ಬಿಲ್ಲೆ ಜಾರಿ ಇನ್ನೊಂದರ ಪಕ್ಕೆಗೆ ತಾಗಿತು. ತಾಗಿದ್ದು ಬಿಡಲಿಲ್ಲ. ಮೂರನೆಯದು ಬಂದು ಆ ಎರಡರ ಸಂದಿಯಲ್ಲಿ ಕೂತಿತು. ಸರಿಯಾಗಿ ಕೂರದ ಒಂದು ತಾನೇ ಕಳಚಿಕೊಂಡು, ಹೊರಳಿ, ಮತ್ತೆ ಬಂದು ಸರಿಯಾಗಿ ಕೂತಿತು. ಯಾರೂ ಜೋಡಿಸಲಿಲ್ಲ. ಇವಳ ಕೈ ನೆಲದ ಮೇಲಿತ್ತು, ಮಾವ ದೀಪದ ಹತ್ತಿರವಿದ್ದ, ಅಜ್ಜಿ ಆಚೆ ಮೂಲೆಯಲ್ಲಿದ್ದಳು. ಬಿಲ್ಲೆಗಳಿಗೆ ಕಣ್ಣಿಲ್ಲ, ಬುದ್ಧಿಯಿಲ್ಲ, ಹೇಳಿಕೊಡುವ ಮೇಸ್ತ್ರಿಯಿಲ್ಲ. ಆದರೂ ಅವು ಬಾಗಿದವು, ದೊನ್ನೆಯಾದವು, ದೊನ್ನೆಯ ಬಾಯಿ ಕಿರಿದಾಗುತ್ತ ಬಂದು ಕಡೆಯ ಬಿಲ್ಲೆ ಟಪ್ಪೆಂದು ಕೂತದ್ದೇ, ಮಡಿಲಲ್ಲಿ ಒಂದು ಚೆಂಡು ಇತ್ತು. ಎಲ್ಲೂ ಹೊಲಿಗೆ ಕಾಣದ ದುಂಡನೆಯ ಚೆಂಡು. ಅವಳು ಜೀವಮಾನದಲ್ಲಿ ಹೆಣೆದ ಯಾವ ಬುಟ್ಟಿಯೂ ಅಷ್ಟು ಚೆಂದವಾಗಿರಲಿಲ್ಲ. ಅಳು ಅರ್ಧಕ್ಕೇ ನಿಂತಿತು.

"ಅಜ್ಜೀ..." ಅಂದಳು.

ಅಜ್ಜಿ ತಿರುಗಿ ನೋಡುವಷ್ಟರಲ್ಲಿ ಚೆಂಡು ಉರುಳಿ ಗೋಡೆಗೆ ಒರಗಿತ್ತು. ಗೋಡೆ ತಗ್ಗಿತು, ಇನ್ನೂ ತಗ್ಗಿತು, ಚೆಂಡನ್ನು ಎಲ್ಲ ಕಡೆಯಿಂದಲೂ ತಬ್ಬಿಕೊಂಡಿತು. ಆಮೇಲೆ ಹೊರಗೆ ಉಬ್ಬಿದ ಕೆನೆ ಕತ್ತು ಕಿರಿದು ಮಾಡಿಕೊಂಡು ತಾನೇ ಕಳಚಿತು. ಈಚೆ ಗೋಡೆ ಕೂಡಿಕೊಂಡಿತು. ಆಚೆ ಓಣಿಯಲ್ಲಿ, ಈ ಮನೆಯ ಗೋಡೆಯ ಚೂರನ್ನೇ ಕಂಬಳಿಯಾಗಿ ಹೊದ್ದ ಚೆಂಡು ತೇಲುತ್ತಿತ್ತು.

"ಏನ್ ಮಾಡ್ಬುಟ್ಟೆ ಮಗಾ! ಒಲೇಗ್ ಹಾಕ್ಲಿಲ್ವಾ?" ಅಜ್ಜಿ ಎದೆಗೆ ಕೈ ಹಚ್ಚಿಕೊಂಡಳು.

ಹೆಣೆಯುವವಳ ಕಿವಿಗೆ ಅದು ಬೀಳಲಿಲ್ಲ. ಚೆಂಡು ತೇಲಿ ತೇಲಿ ತಾಯಿಯ ಗೋಡೆಗೆ ಮೆತ್ತಗೆ ತಾಗಿತು. ಕೆನೆ ಕೆನೆಗೆ ಸೇರಿತು, ಹನಿ ಹನಿಗೆ ಸೇರಿದ ಹಾಗೆ. ಕಂಬಳಿ ತಾಯಿಯ ಗೋಡೆಯಲ್ಲಿ ಒಂದಾಗಿ, ಬರೀ ಚೆಂಡು ಒಳಗೆ ಬಿತ್ತು. ಬಿದ್ದ ಚೆಂಡು ಬಿಚ್ಚಿಕೊಂಡಿತು. ತಾಯಿಯ ನೆರಳು ತಟ್ಟನೆ ತಲೆಯೆತ್ತಿತು.

"ಕೇಳಿಸ್ತು! ಅಜ್ಜೀ, ಅವ್ವಂಗೆ ಕೇಳಿಸ್ತು! ಓಣಿ ತಿನ್ಲಿಲ್ಲ!" ಎಂದು ಹೆಣೆಯುವವಳು ಕುಣಿದಳು. ಮಾವ ದೀಪ ಬಿಟ್ಟು ಓಡಿಬಂದ. ಊರು ಹುಟ್ಟಿದಾಗಿನಿಂದ ಒಂದು ಮನೆಯ ಹಾಡು ಇನ್ನೊಂದು ಮನೆಯಲ್ಲಿ ಕೇಳಿಸಿದ್ದೇ ಇಲ್ಲವೆಂದು ಅವರಿಬ್ಬರೂ ನಂಬಿದ್ದರು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ತಾಯಿಯ ನೆರಳು ಕೂತು ಹೆಣೆಯತೊಡಗಿತು. ಹೆಣೆಯಿತು, ಹೆಣೆಯಿತು, ಉಣ್ಣಲು ಏಳಲಿಲ್ಲ, ಕೂದಲು ಕಟ್ಟಲಿಲ್ಲ, ಕೈ ಬೀಸಲಿಲ್ಲ. ಅವಳ ಸುತ್ತ ಬಿಲ್ಲೆಗಳ ಗುಡ್ಡೆ ಬೆಳೆಯಿತು. ದೀಪ ಸಣ್ಣಗಾಯಿತು. ಗೋಡೆ ಮೊದಲಿಗಿಂತ ತೆಳ್ಳಗಾಗಿ, ನೆರಳಿನ ಬೆರಳುಗಳು ಒಂದೊಂದಾಗಿ ಕಾಣತೊಡಗಿದವು.

ಇಷ್ಟು ದಿನ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದ ಮಾತನ್ನು ಅಜ್ಜಿ ಆಗ ಹೇಳಿದಳು. ಚೆಂಡು ಮುಚ್ಚಿಕೊಳ್ಳುವಾಗ ಹತ್ತಿರ ಯಾವ ಹಾಡು ಕೇಳಿಸುತ್ತದೋ ಅದನ್ನು ಒಳಗೆ ಹಿಡಿದುಕೊಳ್ಳುತ್ತದೆ. ಹೊರಗಿಂದ ಹಾಗೆ ಬಂದ ಪದ ಮನೆಯ ಪದಗಳನ್ನೆಲ್ಲ ಹಿಂದಕ್ಕೆ ತಳ್ಳಿ ತಾನೇ ಬಾಯಿಗೆ ಹತ್ತುತ್ತದೆ. "ಒಳಗೆ ಹೋಗಿರೋದು ಬಿಲ್ಲೆ ಪದ ಒಂದೇ. ಬಿಲ್ಲೆ ಪದಕ್ಕೆ ಬಿಲ್ಲೆ ಮಾಡೋದ್ ಬಿಟ್ರೆ ಬೇರೇನ್ ಗೊತ್ತು? ನಮ್ಮಜ್ಜಿ ಹೇಳೋಳು, ಹಿಂಗೇ ಒಂದ್ ಮನೆ ತುಂಬ್ಕೊಂಡು ಬಿರಿದು ಹೋಯ್ತಂತೆ. ಅದಕ್ಕೇ ಒಲೆ, ಅದಕ್ಕೇ ಈ ಕಟ್ಟುಪಾಡೆಲ್ಲ."

"ಅಂದ್ರೆ ನಾನೇ ಅವ್ವನ್ನ..." ಎಂದು ಹೆಣೆಯುವವಳು ತಾಯಿಯ ನೆರಳನ್ನು ನೋಡಿದಳು. ಆಮೇಲೆ ತಟ್ಟನೆ ಅಜ್ಜಿಯ ಕಡೆ ತಿರುಗಿದಳು. "ಅಜ್ಜೀ, ಹತ್ರ ಯಾವ್ ಹಾಡಿದ್ರೆ ಅದನ್ನ ಹಿಡ್ಕೊಳ್ತದೆ ಅಂದ್ಯಲ್ಲ. ಮುಚ್ಕೊಳ್ಳೋ ಹೊತ್ಗೆ ಗೋಡೆ ಪದ ಹಾಡಿದ್ರೆ?"

"ಬಿಲ್ಲೆ ಪದ ನಿಲ್ಸಿದ್ರೆ ಬಿಲ್ಲೆ ನಿಲ್ತದೆ. ಒಂದ್ ಬಾಯಲ್ಲಿ ಎರಡ್ ಹಾಡ್ತೀಯಾ?"

"ನಿಂಗೂ ಬಾಯೈತಲ್ಲ ಅಜ್ಜೀ."

ಅಜ್ಜಿ ಮುಖ ತಿರುಗಿಸಿಬಿಟ್ಟಳು. ಗೋಡೆಯ ಪದ ಯಾವತ್ತೂ ಗೋಡೆ ದಾಟಿದ್ದಲ್ಲ, ದಾಟಬಾರದ್ದಕ್ಕೇ ಅದು ಗೋಡೆಯ ಪದ ಅಂದಳು. ಬಿಲ್ಲೆ ಈ ಮನೆಯಲ್ಲೇ ಮಿತಿ ಮೀರಿದರೆ ಎರಡೂ ಮನೆ ಹೋಗುತ್ತವೆ ಅಂದಳು. ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಹೆದರಿದವರ ಮಾತಿನಲ್ಲಿ ಸಾಮಾನ್ಯವಾಗಿ ಸುಳ್ಳಿರುವುದಿಲ್ಲ.

ಮಾವ ಓಣಿಯ ಕಡೆಗೇ ನೋಡುತ್ತಿದ್ದ. "ಅತ್ತೇ, ಇಲ್ಬಾ," ಎಂದು ಅಜ್ಜಿಯನ್ನು ಕರೆದ. "ಅಕ್ಕನ್ ಕೈ ನೋಡು."

ಗೋಡೆ ಹೇಗಿದೆಯೆಂದು ತಿಳಿಯಲು ಹೆಬ್ಬೆರಳು ಒತ್ತಿ ನೋಡುವುದು ಆ ಊರಿನವರೆಲ್ಲರ ಅಭ್ಯಾಸ. ಹೆಣೆಯುವುದರ ನಡುವೆ ಅದೇನು ನೆನಪಾಯಿತೋ, ತಾಯಿ ಎಡಗೈ ಚಾಚಿ ಹೆಬ್ಬೆರಳನ್ನು ಗೋಡೆಗೆ ಒತ್ತಿದ್ದಳು. ಬೆರಳು ಗೋಡೆಯಲ್ಲಿ ನಿಂತಿರಲಿಲ್ಲ. ಅದರ ತುದಿ ಹೊರಗೆ, ಓಣಿಯಲ್ಲಿ, ಉಗುರು ಸಮೇತ ಕಾಣುತ್ತಿತ್ತು. ಅದು ನೆರಳಲ್ಲ, ತಾಯಿಯ ಬೆರಳೇ.

ಅಜ್ಜಿ ಬಂದು ನೋಡಿದಳು. ಆಮೇಲೆ ಸೆರಗು ಬಿಗಿದು ಸಿಕ್ಕಿಸಿಕೊಂಡಳು. "ಗರಿ ಎಲ್ಲಿ? ಕೂತ್ಕೊ. ದೀಪ ಎತ್ತರ್ಸೋ."

"ಎಣ್ಣೆ ಸಾಲದು..." ಮಾವ ಅಭ್ಯಾಸಬಲದಿಂದ ಬಾಯಿ ತೆರೆದವನು, ತಾನೇ ಮುಚ್ಚಿಕೊಂಡು ಇದ್ದ ಎಣ್ಣೆಯನ್ನೆಲ್ಲ ಸುರಿದ.

ಹೆಣೆಯುವವಳು ಬಿಲ್ಲೆಯ ಪದ ಹಾಡಿದಳು. ಕೈ ಹೆಣೆಯಿತು. ಮಡಿಲಲ್ಲಿ ಬಿಲ್ಲೆ ಬಿಲ್ಲೆಯ ಮುಖ ನೋಡಿತು, ಪಕ್ಕೆ ಪಕ್ಕೆಗೆ ಕೂಡಿತು. ದೊನ್ನೆಯಾಗುತ್ತಿದ್ದಂತೆ ಅಜ್ಜಿ ಅದರ ಬಾಯಿಗೆ ತನ್ನ ಬಾಯಿಟ್ಟು ಗೋಡೆಯ ಪದ ಹಾಡಿದಳು. ಒಂದು ಕಡೆ ಸಾಗೋಣ ಅನ್ನುವ ಹಾಡು, ಒಂದು ಕಡೆ ಒಳಗೇ ಇರಲಿ ಅನ್ನುವ ಹಾಡು. ಒಂದಕ್ಕೊಂದು ಆಗಿಬರದ ಆ ಎರಡೂ ಹಾಡುಗಳನ್ನು ದೊನ್ನೆ ಸುಮ್ಮನೆ ಒಳಗೆ ತೆಗೆದುಕೊಂಡಿತು. ತೂಗಿ ನೋಡಲಿಲ್ಲ, ಬೇಕು ಬೇಡ ಅನ್ನಲಿಲ್ಲ. ಕಡೆಯ ಬಿಲ್ಲೆ ಟಪ್ಪೆಂದಿತು. ಚೆಂಡು ಉರುಳಿತು, ಒರಗಿತು, ಗೋಡೆಯನ್ನು ಹೊದ್ದು ಹೊರಟಿತು. ಅಜ್ಜಿ ಅದಕ್ಕೆ ಕೈ ಮುಗಿದಳು. ಯಾಕೆ ಮುಗಿದಳೋ ಅವಳಿಗೂ ಗೊತ್ತಿಲ್ಲ. ಮಿಕ್ಕ ಬಿಲ್ಲೆಗಳನ್ನೆಲ್ಲ ತಾನೇ ಗುಡಿಸಿ ಒಲೆಗೆ ಹಾಕಿದಳು.

"ಅತ್ತೇ, ಅದಕ್ಕೆ ಜೀವ ಐತಾ?" ಎಂದು ಮಾವ ಕೇಳಿದ.

"ಬಾಯಿಲ್ಲ, ಹೊಟ್ಟೆಯಿಲ್ಲ, ಒಳಗೊಂದು ದೀಪಾನೂ ಇಲ್ಲ. ಜೀವ ಅಂದ್ರೆ ತಪ್ಪಾಗ್ತದೆ," ಅಂದಳು ಅಜ್ಜಿ. ಒಲೆಯ ಬೂದಿ ಕೆದಕುತ್ತ, "ಇಲ್ಲ ಅನ್ನೋಕೂ ನಂಗೆ ನಾಲಿಗೆ ಬರಾಕಿಲ್ಲ ಕಣೋ," ಅಂದಳು.

ಮೂವರೂ ಗೋಡೆಗೆ ಕಣ್ಣೊತ್ತಿ ಕೂತರು. ಚೆಂಡು ತಾಯಿಯ ಗೋಡೆ ಸೇರಿತು. ನೆರಳು ಹೆಣೆಯುವುದನ್ನು ನಿಲ್ಲಿಸಿತು. ತಲೆ ಓರೆ ಮಾಡಿ ಕೇಳಿತು. ಆಮೇಲೆ ಎದ್ದಿತು, ಬಟ್ಟಲು ಹುಡುಕಿತು, ಎಡಗೈ ಅದ್ದಿ ಗೋಡೆ ಸವರತೊಡಗಿತು. ಹೆಣೆಯುವವಳು ಅಜ್ಜಿಯನ್ನು ತಬ್ಬಿಕೊಂಡು ನಗುತ್ತ ಅಳುತ್ತಿದ್ದಳು. ಸವರು ಅವ್ವಾ, ಸವರು ಎಂದು ಗೋಡೆಗೆ ಹೇಳುತ್ತಿದ್ದಳು.

ಸವರಿದಂತೆಲ್ಲ ನೆರಳು ಮಸುಕಾಯಿತು. ಮೊದಲು ಬೆರಳುಗಳು ಹೋದವು. ಆಮೇಲೆ ಕೂದಲ ಗಂಟು, ಆಮೇಲೆ ಭುಜ. ಹೆಣೆಯುವವಳ ನಗು ಮೆಲ್ಲಗೆ ಇಳಿಯಿತು. ಇಷ್ಟು ಹೊತ್ತು ಅವಳಿಗೆ ಹೊಳೆದೇ ಇರಲಿಲ್ಲ. ಗೋಡೆ ಗಟ್ಟಿಯಾದರೆ ತಾಯಿ ಕಾಣುವುದಿಲ್ಲ. ಕೊನೆಗೆ ಎಡಗೈಯ ಅಂಗೈಯೊಂದು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಂತಿತು. ಕೈ ಬೀಸಿದ್ದೋ ಸವರಿದ್ದೋ ತಿಳಿಯಲಿಲ್ಲ. ಅದೂ ಹೋಯಿತು. ಮಿಕ್ಕದ್ದು ಬೆಳ್ಳನೆಯ ಕೆನೆ, ಎಲ್ಲ ಮನೆಗಳ ಹಾಗೆ.

ಅಂದಿನಿಂದ ಅವಳಿಗೆ ಒಂದೇ ಕೊರೆತ. ದೀಪ ಆರಿದ ಮನೆಯ ಗೋಡೆಯೂ ಹೊರಗಿನಿಂದ ಹೀಗೇ ಕಾಣುತ್ತದೆ. ಗೋಡೆ ದಪ್ಪಗಾಗಿ ತಾಯಿ ಮರೆಯಾದಳೋ, ಎಣ್ಣೆ ತೀರಿ ಮರೆಯಾದಳೋ? ಅಜ್ಜಿ "ಉಳ್ದವ್ಳೆ ಮಗಾ" ಅನ್ನುವಳು. ಅಜ್ಜಿಗೆ ಮಾತ್ರ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ಓಣಿ ಮೊದಲಿನ ಓಣಿಯಾಗಿ ಉಳಿದಿರಲಿಲ್ಲ. ಒಂದು ಚೆಂಡು ಕಂಡಿತು, ಆಮೇಲೆ ಕೆಲವು, ಆಮೇಲೆ ಎಲ್ಲಿ ನೋಡಿದರೂ ಚೆಂಡುಗಳೇ. ಯಾವುದೋ ಮನೆಯಿಂದ ಕಳಚಿ, ಆ ಮನೆಯ ಕೆನೆ ಹೊದ್ದು, ತೇಲಿ, ಯಾವುದೋ ಮನೆಗೆ ತಾಗಿ ಒಳಗಾಗಿ, ಅಲ್ಲಿಯವರ ಕೈಯಲ್ಲೂ ಬಿಲ್ಲೆ ಹೆಣೆಸಿ ಹೊಸ ಚೆಂಡುಗಳನ್ನು ಹೊರಡಿಸುತ್ತಿದ್ದವು. ಯಾರೂ ಕಳಿಸಿರಲಿಲ್ಲ, ಯಾರೂ ಕರೆದಿರಲಿಲ್ಲ. ಬರೀ ಬಿಲ್ಲೆಯ ಪದ ಹೊತ್ತವು ಎಷ್ಟೋ ಇದ್ದಾವು. ದೂರದಲ್ಲೊಂದು ಮನೆ ಬಿರಿದು ಓಣಿಗೆ ಚೆಲ್ಲಿಹೋದದ್ದನ್ನೂ ಅವರು ಕಂಡರು, ಅಂದು ಮೂವರೂ ಒಲೆ ಹಚ್ಚಲಿಲ್ಲ. ಕೆಲವು ಮನೆಗಳ ಗೋಡೆ ಹಿಂದೆಂದೂ ಇಲ್ಲದಷ್ಟು ಹೊಳೆಯುತ್ತಿದ್ದದ್ದನ್ನೂ ಕಂಡರು. ಚೆಂಡಿಗೆ ಎರಡೂ ಒಂದೇ. ಹಾಡು ತಿನ್ನುವ ಓಣಿಯಲ್ಲಿ ಈಗ ಹಾಡುಗಳು ತುಂಬಿ ಹರಿಯುತ್ತಿದ್ದವು, ಮತ್ತು ಓಣಿಗೆ ಅದು ತಿಳಿದೇ ಇರಲಿಲ್ಲ. ಹೆಣೆಯುವವಳು ನೋಡುತ್ತ ಕೂತರೆ ಕೂತೇ ಬಿಡುವಳು. ಅಳುತ್ತ ಕೂತವಳೊಬ್ಬಳ ಮಡಿಲಿನಿಂದ ಎದ್ದದ್ದೇ ಇದೆಲ್ಲ ಎಂದು ನೆನೆದರೆ ಅವಳಿಗೆ ಭಯವಾಗುತ್ತಿತ್ತು, ಭಯಕ್ಕಿಂತ ದೊಡ್ಡದಾದ ಇನ್ನೇನೋ ಆಗುತ್ತಿತ್ತು.

ಒಂದು ದಿನ ಒಂದು ಚೆಂಡು ಇವರ ಗೋಡೆಗೇ ತಾಗಿತು.

ಮಾವ ಹೌಹಾರಿ ಎದ್ದ. ಅಜ್ಜಿ ಒಲೆಯ ಹತ್ತಿರ ಓಡಿದಳು. ಅಷ್ಟರಲ್ಲಿ ಕೆನೆ ಕೆನೆಗೆ ಸೇರಿ ಚೆಂಡು ಒಳಗೆ ಬಿದ್ದು ಬಿಚ್ಚಿಕೊಂಡಿತ್ತು. ಅದರಿಂದ ಹಾಡು ಎದ್ದಿತು. ತೆಳ್ಳಗಾದಲ್ಲಿ ಕೆನೆಯೇ ಬಾ.

"ನನ್ ಪದಾನೇ!" ಅಜ್ಜಿ ನೆಲಕ್ಕೆ ಕುಸಿದು ಕೂತು ನಕ್ಕಳು. "ಊರೆಲ್ಲ ಸುತ್ತಾಡ್ಕೊಂಡ್ ಮನೇಗ್ ಬಂತು ನೋಡು!"

ಹೆಣೆಯುವವಳು ನಗಲಿಲ್ಲ. ಆ ಪದ ಈಗ ಯಾವ ಮನೆಯಿಂದಾದರೂ ಬಂದಿರಬಹುದು. ಅದರಿಂದ ತಾಯಿಯ ಸುದ್ದಿ ಏನು ತಿಳಿದೀತು?

ಅಜ್ಜಿ ಎದ್ದು, ಹೊತ್ತಾಯಿತೆಂದು ಬಟ್ಟಲು ಹಿಡಿದು ಗೋಡೆ ಸವರಲು ಹೊರಟಳು. ಅವಳ ಬೆರಳು ಹೋದಲ್ಲೆಲ್ಲ ಕೆನೆಯ ಮೇಲೆ ಗೆರೆ ಉಳಿಯುತ್ತದೆ, ಕೊನೆಯಲ್ಲಿ ಬಲಕ್ಕೆ ಕೊಂಕುತ್ತದೆ. ಗಾಳಿಗೆ ಬಾಗಿದ ಪೈರಿನ ಹಾಗೆ ಇಡೀ ಗೋಡೆ ಬಲಕ್ಕೆ ಕೊಂಕಿದ ಗೆರೆಗಳೇ. ಸವರುತ್ತ ಸವರುತ್ತ ಚೆಂಡು ಒಳಗೆ ಬಂದ ಜಾಗಕ್ಕೆ ತಲುಪಿದವಳು ಕೈ ತಡೆದಳು.

"ಮಗಾ, ಇಲ್ಬಾ."

ಚೆಂಡು ಹೊದ್ದು ಬಂದ ಕಂಬಳಿ ಅಲ್ಲಿ ಗೋಡೆಯೊಳಗೆ ಗೋಡೆಯಾಗಿ ಕೂತಿತ್ತು. ಅಂಗೈಯಗಲದ ಒಂದು ತೇಪೆ. ಹೆಣೆಯುವವಳು ಹೆಬ್ಬೆರಳು ಒತ್ತಿದಳು. ಅದು ದಪ್ಪಗಿತ್ತು, ಗಟ್ಟಿಯಾಗಿತ್ತು, ಚೆನ್ನಾಗಿ ಸವರಿಸಿಕೊಂಡ ಗೋಡೆ. ಅದರ ಮೇಲೂ ಬೆರಳಿನ ಗೆರೆಗಳಿದ್ದವು. ಅವೆಲ್ಲವೂ ಎಡಕ್ಕೆ ಕೊಂಕಿದ್ದವು.

ಅವಳು ಅದಕ್ಕೆ ಕೆನ್ನೆಯಿಟ್ಟಳು. ಮಾವ ಬಂದು ಹಿಂದೆ ನಿಂತವನು ಎಣ್ಣೆಯ ಸುದ್ದಿ ಎತ್ತಲಿಲ್ಲ.

"ಇದ್ರ ಮೇಲೆ ನಾನ್ ಕೈಯಾಡ್ಸಿದ್ರೆ ಗೆರೆ ಅಳಿಸೋಗ್ತದೆ," ಎಂದು ಅಜ್ಜಿ ಮೆಲ್ಲಗೆ ಹೇಳಿದಳು. "ಆಡಿಸ್ದಿದ್ರೆ ಇಲ್ಲೇ ತೆಳ್ಳಗಾಗ್ತದೆ. ಏನ್ ಮಾಡ್ಲಿ?"

ಹೆಣೆಯುವವಳು ಕಣ್ಣೊರೆಸಿಕೊಂಡು ಅಜ್ಜಿಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಅದನ್ನು ಬಲಗೈಗೆ ಬದಲಾಯಿಸಿಕೊಂಡಳು. ಗೋಡೆಯ ಪದ ಶುರು ಮಾಡಿ, ಕೆಲಸದಲ್ಲಿ ಯಾವತ್ತೂ ಮುಂದಾಗದ ಎಡಗೈಯನ್ನು ಕೆನೆಗೆ ಅದ್ದಿ, ತಾಯಿಯ ಗೆರೆಗಳ ಮೇಲೆ ಒಂದೊಂದಾಗಿ ಸವರತೊಡಗಿದಳು.